12 ಯೂನಿಟ್ ಎಲ್ಲಿ ಹೋಯ್ತು?

ಯಾವ ಕಾರು ಅನ್ನೋದು ಮೊದಲ ವಾರದಲ್ಲೇ ತೀರ್ಮಾನ ಆಗಿತ್ತು. ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಕಾರು, ಸೀಲ್. ನಮ್ಮ ಮನೆಯವರಿಗೆ ಅದರ ಮೂತಿ ಹಿಡಿಸಿತ್ತು. ನನಗೆ ಸೆಡಾನ್ ಬೇಕಿತ್ತು, ಎತ್ತರದ ಗಾಡಿ ಹತ್ತಿ ಇಳಿಯೋದು ನನಗೆ ಆಗಿಬರಲ್ಲ. ಜಗಳ ಶುರುವಾದದ್ದು ಆಮೇಲೆ. ಕಾರು ಒಂದೇ, ಬಗೆ ಮೂರು. ಆ ಮೂರರಲ್ಲಿ ಒಂದನ್ನು ಆರಿಸೋಕೆ ನಮಗೆ ಎರಡೂವರೆ ತಿಂಗಳು ಹಿಡಿಯಿತು.

ಮೂರನ್ನೂ ಒಂದೇ ಸಲ ಹೇಳಿ ಮುಗಿಸುತ್ತೇನೆ. ಡೈನಾಮಿಕ್‌ಗೆ ಚಿಕ್ಕ ಬ್ಯಾಟರಿ, 61.44 ಕಿಲೋವ್ಯಾಟ್ ಅವರ್. ಹಿಂದಿನ ಚಕ್ರಗಳನ್ನು ತಿರುಗಿಸುವ ಒಂದು ಮೋಟರ್, 204 ಹಾರ್ಸ್‌ಪವರ್. ಪ್ರೀಮಿಯಂಗೆ ದೊಡ್ಡ ಬ್ಯಾಟರಿ, 82.56. ಮೋಟರ್ ಇದಕ್ಕೂ ಹಿಂದೆಯೇ, ಆದರೆ 313 ಹಾರ್ಸ್‌ಪವರ್. ಪರ್ಫಾರ್ಮೆನ್ಸ್‌ಗೆ ಅದೇ ದೊಡ್ಡ ಬ್ಯಾಟರಿ, ಜೊತೆಗೆ ಮುಂದೆ ಇನ್ನೊಂದು ಮೋಟರ್. ನಾಲ್ಕೂ ಚಕ್ರಕ್ಕೆ ಬಲ, ಒಟ್ಟು 530 ಹಾರ್ಸ್‌ಪವರ್. ನಮ್ಮ ಕೈಗೆ ಬಂದ ಬ್ರೋಷರಿನಲ್ಲಿ ಇವುಗಳ ರೇಂಜ್, ಅಂದರೆ ಒಂದು ಸಲ ತುಂಬಿಸಿದರೆ ಓಡುವ ದೂರ, 510, 650, 580 ಕಿ.ಮೀ. ಅಂತ ಇತ್ತು. ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಬರುತ್ತಲ್ಲ, ಆ ಯೂನಿಟ್ಟೇ. ಹಾಗಾಗಿ ಇನ್ನು ಮುಂದೆ ಯೂನಿಟ್ ಅಂತಲೇ ಬರೆಯುತ್ತೇನೆ. ಆ ಉದ್ದನೆಯ ಹೆಸರು ಬಿಟ್ಟು ಯೂನಿಟ್ ಅಂತ ಯೋಚಿಸೋಕೆ ಶುರು ಮಾಡಿದ ಮೇಲೇ ನನಗೆ ಈ ವ್ಯವಹಾರ ತಲೆಗೆ ಹತ್ತಿದ್ದು.

ಮನೆಯವರು ಬೆರಳಿಟ್ಟದ್ದು ಪರ್ಫಾರ್ಮೆನ್ಸ್ ಮೇಲೆ. ನಾನು ಡೈನಾಮಿಕ್ ಸಾಕು ಅಂದೆ. ನಡುವಿನದ್ದು ಇಬ್ಬರಿಗೂ ಬೇಕಿರಲಿಲ್ಲ.

ಪರ್ಫಾರ್ಮೆನ್ಸ್‌ನ ಟೆಸ್ಟ್ ಡ್ರೈವ್ ದಿನ ನಾನು ಮಗಳ ಜೊತೆ ಹಿಂದೆ ಕೂತಿದ್ದೆ. ಖಾಲಿ ರಸ್ತೆ ಸಿಕ್ಕಿದ್ದೇ ತಡ, ಇವರು ಒತ್ತಿದರು. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.8 ಸೆಕೆಂಡ್ ಅಂತ ಓದೋದೇ ಬೇರೆ, ಬೆನ್ನು ಸೀಟಿಗೆ ಅಂಟಿಕೊಂಡು ಹೊಟ್ಟೆ ಹಿಂದೆ ಉಳಿದುಹೋಗೋದೇ ಬೇರೆ. ಮಗಳು ಕಿಲಕಿಲ ನಕ್ಕಳು. "ಇನ್ನೊಂದ್ಸಲ ಮಾಡ್ಲಾ?" ಅಂತ ಇವರು ಕೇಳಿದರು. "ಮಾಡಿ, ನನ್ನನ್ನ ಇಲ್ಲೇ ಇಳಿಸಿ ಮಾಡಿ" ಅಂದೆ. ವಾಪಸ್ ಬರುವಾಗ ಇವರು ಸುಮ್ಮನೆ ನಗುತ್ತಾ ಓಡಿಸುತ್ತಿದ್ದರು. ಈ ಮನುಷ್ಯನ ಮನಸ್ಸು ಬದಲಾಯಿಸೋದು ಸುಲಭ ಅಲ್ಲ ಅಂತ ಅವತ್ತೇ ಗೊತ್ತಾಯಿತು.

ಆಗ ನಾನು ನೋಟ್‌ಬುಕ್ ತೆಗೆದೆ. ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ಪ್ರತಿ ಸಲ ಎಣ್ಣೆ ಹಾಕಿಸಿದಾಗಲೂ, ದೂರದ ಪ್ರಯಾಣ ಮಾಡಿದಾಗಲೂ ಕಿಲೋಮೀಟರ್ ಬರೆದಿಡುವ ಅಭ್ಯಾಸ ನನ್ನದು. ಹಿಂದಿನ ಒಂದು ವರ್ಷದ ಪುಟ ತಿರುವಿ ಹಾಕಿದೆ. ದಿನಕ್ಕೆ 300 ಕಿ.ಮೀ.ಗಿಂತ ಜಾಸ್ತಿ ಓಡಿದ ದಿನಗಳು 14. ಹದಿನಾಲ್ಕೂ ನನ್ನ ತವರಿಗೆ ಹೋಗಿ ಬಂದದ್ದೇ. ಏಳು ಸಲ ಹೋದದ್ದು, ಏಳು ಸಲ ಬಂದದ್ದು. ಅಪ್ಪನ ಮನೆ ನಮ್ಮಲ್ಲಿಂದ 380 ಕಿ.ಮೀ. ಉಳಿದ ದಿನಗಳಲ್ಲಿ 60 ದಾಟಿದ್ದೇ ಕಮ್ಮಿ.

"ನೋಡಿ, 14 ದಿನಕ್ಕೋಸ್ಕರ ವರ್ಷವಿಡೀ ದೊಡ್ಡ ಬ್ಯಾಟರಿ ಹೊತ್ಕೊಂಡು ತಿರುಗಬೇಕಾ?" ಅಂತ ಕೇಳಿದೆ. ಇವರ ಹತ್ತಿರ ಉತ್ತರ ಇರಲಿಲ್ಲ. ಆದರೆ ಒಂದು ಪ್ರಶ್ನೆ ಇತ್ತು. "ಸರಿ, ಆ 510 ನಿಜವಾಗಿಯೂ 510ಆ?"

ನಾನು ನಿಜಕ್ಕೂ ಕೆಲಸಕ್ಕೆ ಕೂತದ್ದು ಆ ಪ್ರಶ್ನೆಯಿಂದ.

ಇದೇ ಕಾರಿಗೆ ಬೇರೆ ಕಡೆಯ ಪಟ್ಟಿಗಳಲ್ಲಿ 460, 570, 520 ಅಂತ ಇದೆ. ಮೊದಲು ನೋಡಿದಾಗ ಬ್ಯಾಟರಿಯೇ ಬೇರೆ ಇರಬೇಕು ಅಂದುಕೊಂಡೆ. ಬ್ಯಾಟರಿ ಅದೇ, ಬೇರೆ ಇರೋದು ಪರೀಕ್ಷೆ. ದೊಡ್ಡ ಸಂಖ್ಯೆಗಳು ಎನ್‌ಇಡಿಸಿ ಅನ್ನುವ ಹಳೆಯ ಪರೀಕ್ಷೆಯವು. ಚಿಕ್ಕವು ಡಬ್ಲ್ಯೂಎಲ್‌ಟಿಪಿಯವು, ಯುರೋಪಿನಲ್ಲಿ 2017ರಿಂದ ಜಾರಿಗೆ ಬಂದದ್ದು. ಹಳೆಯ ಪರೀಕ್ಷೆಯಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಸುಮಾರು 11 ಕಿ.ಮೀ. ಓಡಿಸುತ್ತಾರೆ, 20 ನಿಮಿಷ. ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಅಷ್ಟೇ. ಹೊಸದರಲ್ಲಿ 23 ಕಿ.ಮೀ., 30 ನಿಮಿಷ, ಸರಾಸರಿ 46 ಚಿಲ್ಲರೆ, ನಡುವೆ ಒಮ್ಮೆ 131ರವರೆಗೂ ಏರಿಸುತ್ತಾರೆ. ಎರಡರಲ್ಲೂ ಏಸಿ ಆಫ್. ಏಸಿ ಇಲ್ಲದೆ, ಗಂಟೆಗೆ 34ರಲ್ಲಿ, ನಾನು ತವರಿಗೆ ಹೊರಟರೆ 11 ಗಂಟೆಯ ಮೇಲೆ ಬೇಕು. ಅಪ್ಪ ಊಟಕ್ಕೆ ಕಾಯ್ತಾ ಕೂತಿರುತ್ತಾರೆ.

ಈ ಪಟ್ಟಿ ನೋಡ್ತಾ ಇರುವಾಗಲೇ ನನಗೆ ಆ 12 ಯೂನಿಟ್ ಸಿಕ್ಕಿದ್ದು. ಸಿಕ್ಕಿದ್ದು ಅನ್ನೋದಕ್ಕಿಂತ ಕಾಣೆಯಾದದ್ದು ಗೊತ್ತಾಯಿತು ಅನ್ನಬೇಕು. ಡಬ್ಲ್ಯೂಎಲ್‌ಟಿಪಿ ಪಟ್ಟಿಯಲ್ಲಿ ರೇಂಜ್ ಜೊತೆಗೆ ಖರ್ಚನ್ನೂ ಕೊಟ್ಟಿರುತ್ತಾರೆ. ಪ್ರೀಮಿಯಂಗೆ 100 ಕಿ.ಮೀ.ಗೆ 16.6 ಯೂನಿಟ್. ಪರ್ಫಾರ್ಮೆನ್ಸ್‌ಗೆ 18.2. ಸರಿ, 570 ಕಿ.ಮೀ. ಓಡೋಕೆ ಎಷ್ಟು ಬೇಕು? ಗುಣಿಸಿದೆ. 94.6 ಯೂನಿಟ್. ಬ್ಯಾಟರಿಯಲ್ಲಿ ಇರೋದೇ 82.56! ಕ್ಯಾಲ್ಕ್ಯುಲೇಟರ್ ತಪ್ಪಿರಬೇಕು ಅಂತ ಪರ್ಫಾರ್ಮೆನ್ಸ್‌ನದ್ದು ಮಾಡಿದೆ. 520 ಕಿ.ಮೀ., 18.2. ಮತ್ತೆ ಅದೇ 94.6.

ಎರಡು ದಿನ ಇದೇ ತಲೆ ತಿಂದಿತು. ಕೊನೆಗೆ ಗೊತ್ತಾದದ್ದು ಇಷ್ಟು. ಆ ಖರ್ಚಿನ ಸಂಖ್ಯೆಯನ್ನು ಬ್ಯಾಟರಿಯಿಂದ ಹೊರಗೆ ಬಂದದ್ದಕ್ಕೆ ಲೆಕ್ಕ ಹಾಕಲ್ಲ, ಗೋಡೆಯ ಪ್ಲಗ್‌ನಿಂದ ಎಳೆದದ್ದಕ್ಕೆ ಲೆಕ್ಕ ಹಾಕುತ್ತಾರೆ. ಗೋಡೆಯಲ್ಲಿ ಬರೋದು ಏಸಿ ಕರೆಂಟ್ (ತಂಪು ಮಾಡುವ ಏಸಿ ಅಲ್ಲ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್), ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಕಾರಿನೊಳಗೇ ಇರುವ ಚಾರ್ಜರ್ ಅದನ್ನು ಬದಲಾಯಿಸಬೇಕು. ಬದಲಾಯಿಸುವಾಗ ಅದು ಬಿಸಿಯಾಗುತ್ತದೆ. ವೈರ್ ಬಿಸಿಯಾಗುತ್ತದೆ. ಬ್ಯಾಟರಿಯೂ ಒಂಚೂರು ಬಿಸಿಯಾಗುತ್ತದೆ. ಚಾರ್ಜ್ ಆಗ್ತಾ ಇರುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪು ಎಚ್ಚರವಾಗಿರುತ್ತವೆ. ಹೀಗೆ ಹೋದದ್ದು ಆ 12 ಯೂನಿಟ್. ಬಿಲ್ಲು ಕಟ್ಟೋದು 94.6ಕ್ಕೆ, ಓಡೋದು 82.56ರಲ್ಲಿ. ಇದನ್ನು ಯಾರೂ ಮುಚ್ಚಿಟ್ಟಿಲ್ಲ, ಪಟ್ಟಿಯಲ್ಲೇ ಇದೆ. ಗುಣಿಸಿ ನೋಡಿದವರಿಗೆ ಕಾಣುತ್ತದೆ ಅಷ್ಟೇ.

ಇದೇ ಲೆಕ್ಕ ಪರ್ಫಾರ್ಮೆನ್ಸ್‌ನ ಕಥೆಯನ್ನೂ ಮುಗಿಸಿತು. ಬ್ಯಾಟರಿ ಅದೇ, ಆದರೆ ಮುಂದಿನ ಮೋಟರ್ ಸೇರಿ ತೂಕ 2,055 ಕೆಜಿಯಿಂದ 2,185ಕ್ಕೆ ಏರಿದೆ. ಅದಕ್ಕೇ ಅದೇ 82.56ರಲ್ಲಿ 50 ಕಿ.ಮೀ. ಕಡಿಮೆ. "ಎರಡು ಸೆಕೆಂಡ್ ಬೇಗ ಓಡೋಕೆ 50 ಕಿ.ಮೀ. ಕೊಡ್ತೀರಾ?" ಅಂತ ಕೇಳಿದೆ. ಪ್ರೀಮಿಯಂ 100 ಮುಟ್ಟೋದು 5.9 ಸೆಕೆಂಡಿನಲ್ಲಿ, ಅದೇನು ನಿಧಾನವಲ್ಲ. ಇವರು ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ "ಪ್ರೀಮಿಯಂ ಆದ್ರೆ ಒಪ್ಪಿಗೆ, ಡೈನಾಮಿಕ್ ಆದ್ರೆ ಇಲ್ಲ" ಅಂದರು. ಅರ್ಧ ಗೆದ್ದೆ.

ನಾವಿಬ್ಬರೂ ನಂಬಬಹುದಾದ ಒಂದು ಸಂಖ್ಯೆ ಬೇಕಿತ್ತು. ಇನ್ನೊಂದು ಟೆಸ್ಟ್ ಡ್ರೈವ್ ಕೇಳಿದೆವು, ಪ್ರೀಮಿಯಂನದ್ದು, ಈ ಸಲ ಹೈವೇಯಲ್ಲಿ. ಒಂದೇ ದಾರಿಯಲ್ಲಿ ಎರಡು ಸುತ್ತು. ಮೊದಲ ಸುತ್ತು ಗಂಟೆಗೆ 80ರಲ್ಲಿ, ಎರಡನೆಯದು 110ರಲ್ಲಿ. ಎರಡರಲ್ಲೂ ಏಸಿ ಆನ್. ಟ್ರಿಪ್ ಮೀಟರ್ ಸೊನ್ನೆ ಮಾಡಿ ನಾನು ಬರೆದುಕೊಂಡೆ. 80ರಲ್ಲಿ 100 ಕಿ.ಮೀ.ಗೆ 14 ಯೂನಿಟ್. 110ರಲ್ಲಿ 18.5. ಅಂದರೆ ತುಂಬಿದ ಬ್ಯಾಟರಿಯಲ್ಲಿ ಒಂದು ಕಡೆ ಸುಮಾರು 590 ಕಿ.ಮೀ., ಇನ್ನೊಂದು ಕಡೆ 446. ಅದೇ ಕಾರು, ಅದೇ ರಸ್ತೆ, ಕಾಲು ಒತ್ತಿದ್ದಷ್ಟೇ ವ್ಯತ್ಯಾಸ. ಸೀಲ್ ಗಾಳಿಯನ್ನು ಚೆನ್ನಾಗಿ ಸೀಳಿಕೊಂಡು ಹೋಗುವ ಆಕಾರದ್ದು, ಅದರ ಡ್ರ್ಯಾಗ್ ಸಂಖ್ಯೆ 0.219 (ಇದು ಕಡಿಮೆ ಇದ್ದಷ್ಟೂ ಗಾಳಿಯ ತಡೆ ಕಡಿಮೆ). ಆದರೂ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 110ಕ್ಕೆ ಹೋದರೆ ತಡೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೂರು ಬಗೆಗಳ ನಡುವೆ ಇರುವ ವ್ಯತ್ಯಾಸಕ್ಕಿಂತ ಇವರು ಓಡಿಸೋದಕ್ಕೂ ನಾನು ಓಡಿಸೋದಕ್ಕೂ ಇರುವ ವ್ಯತ್ಯಾಸವೇ ಜಾಸ್ತಿ ಅಂತ ಆಗ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ.

ಹಿಂದಿನ ಸೀಟಿನ ಬಗ್ಗೆ ಒಂದು ಮಾತು, ಕೊಳ್ಳುವವರು ಕೂತು ನೋಡಲಿ ಅಂತ. ಎಲೆಕ್ಟ್ರಿಕ್ ಸೆಡಾನ್‌ಗಳಲ್ಲಿ ಬ್ಯಾಟರಿ ಕಾಲಡಿಯಲ್ಲಿರುತ್ತದೆ, ಮೇಲೆ ಛಾವಣಿ ಇಳಿಜಾರು. ಹಾಗಾಗಿ ಮೊಣಕಾಲು ಸ್ವಲ್ಪ ಮೇಲೆಯೇ ಉಳಿಯುತ್ತದೆ. ಎತ್ತರದವರು ಹತ್ತು ನಿಮಿಷವಾದರೂ ಹಿಂದೆ ಕೂರಬೇಕು, ಮುಂದೆ ಕೂತು ಮಾತ್ರ ತೀರ್ಮಾನ ಮಾಡಬಾರದು.

ಮನೆಯಲ್ಲಿ ಚಾರ್ಜ್ ಮಾಡುವ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 32 ಆಂಪಿಯರಿನ 7 ಕಿಲೋವ್ಯಾಟ್ ಬಾಕ್ಸ್ ಗೋಡೆಗೆ ಹಾಕಿಸೋದು, ಅದಕ್ಕೆ ಬೇರೆಯೇ 6 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸೋದು, ಅರ್ಥಿಂಗ್ ಪರೀಕ್ಷೆ ಮಾಡಿಸೋದು. ಇಷ್ಟೇ ಕೆಲಸ. ದಿನಕ್ಕೆ 60 ಕಿ.ಮೀ. ಅಂದರೆ ಸುಮಾರು 10 ಯೂನಿಟ್, ಒಂದೂವರೆ ಗಂಟೆಯ ಮಾತು. ಬ್ಯಾಟರಿ ಚಿಕ್ಕದಾದರೇನು ದೊಡ್ಡದಾದರೇನು, ಖರ್ಚಾದಷ್ಟನ್ನೇ ತಾನೆ ತುಂಬಿಸೋದು. ಇದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿ. ಬೇರೆ ಬಗೆಯ ಲಿಥಿಯಂ ಬ್ಯಾಟರಿಗಳಂತೆ 80 ಪರ್ಸೆಂಟಿಗೇ ನಿಲ್ಲಿಸಿ ಅಂತ ಕಾಡಲ್ಲ. ಆಗಾಗ 100ರವರೆಗೆ ತುಂಬಿಸೋದೇ ಒಳ್ಳೆಯದು, ಯಾಕಂದರೆ ಇದರ ವೋಲ್ಟೇಜ್ ನಡುವೆಲ್ಲ ಒಂದೇ ಮಟ್ಟದಲ್ಲಿರುತ್ತದೆ. ಅರ್ಧ ಇದೆಯೋ ಮುಕ್ಕಾಲಿದೆಯೋ ಅಂತ ಕಾರಿಗೇ ಸರಿಯಾಗಿ ಗೊತ್ತಾಗಲ್ಲ. ತುದಿ ಮುಟ್ಟಿದಾಗ ಮಾತ್ರ ಲೆಕ್ಕ ಸರಿಮಾಡಿಕೊಳ್ಳುತ್ತದೆ.

ಉಳಿದದ್ದು ಒಂದೇ ಪ್ರಶ್ನೆ, ಆ 14 ದಿನಗಳದ್ದು. ಅದಕ್ಕೆ ನಾವು ಮಾಡಿದ ಕೆಲಸ ನಮ್ಮ ಮನೆಯಲ್ಲಿ ಈಗಲೂ ತಮಾಷೆಯ ವಿಷಯ. ಪೆಟ್ರೋಲ್ ಕಾರು ತೆಗೆದುಕೊಂಡು, ದಾರಿಯಲ್ಲಿ ಸಿಗುವ ಚಾರ್ಜಿಂಗ್ ಸ್ಟೇಷನ್‌ಗಳಿಗೆಲ್ಲ ಹೋಗಿ ನಿಂತು, ನೋಡಿಕೊಂಡು ಬಂದೆವು. ಹೆಣ್ಣು ನೋಡೋಕೆ ಹೋದ ಹಾಗೆ.

ಆ್ಯಪ್‌ನಲ್ಲಿ ಮೂರು ತೋರಿಸುತ್ತಿತ್ತು. ಮೊದಲನೆಯದು 90 ಕಿ.ಮೀ.ಗೆ. ಒಳ್ಳೆಯ 120 ಕಿಲೋವ್ಯಾಟ್ ಚಾರ್ಜರ್, ಎರಡು ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್). ಆದರೆ 90 ಕಿ.ಮೀ.ಗೆ ಯಾರಿಗೆ ಬೇಕು? ಆಗಿನ್ನೂ ಬ್ಯಾಟರಿ ತುಂಬಿಯೇ ಇರುತ್ತದೆ. ಎರಡನೆಯದು 210 ಕಿ.ಮೀ.ಗೆ, ಸರಿಯಾದ ಜಾಗ. 60 ಕಿಲೋವ್ಯಾಟ್. ಒಂದು ಗನ್‌ಗೆ ಕಾಗದ ಸುತ್ತಿ ಟೇಪ್ ಹಾಕಿದ್ದರು. ಇನ್ನೊಂದರಲ್ಲಿ ಒಂದು ಕಾರು ಚಾರ್ಜ್ ಆಗುತ್ತಿತ್ತು, ಹಿಂದೆ ಇನ್ನೊಬ್ಬರು ಕಾಯುತ್ತಿದ್ದರು. ಮೂರನೆಯದು 330 ಕಿ.ಮೀ.ಗೆ. ಗೇಟಿಗೆ ಬೀಗ.

ಎರಡನೆಯದರಲ್ಲಿ ಮುಕ್ಕಾಲು ಗಂಟೆ ಕಳೆದೆವು. ಕಲಿತದ್ದೆಲ್ಲ ಅಲ್ಲೇ. 60 ಕಿಲೋವ್ಯಾಟ್ ಅಂದರೆ ಗಂಟೆಗೆ 60 ಯೂನಿಟ್, ನಿಮಿಷಕ್ಕೆ ಒಂದು. ಒಂದು ಯೂನಿಟ್‌ಗೆ ಕಾರು 5ರಿಂದ 6 ಕಿ.ಮೀ. ಓಡುತ್ತದೆ. ಹತ್ತು ನಿಮಿಷ ನಿಂತರೆ ಐವತ್ತು ಅರವತ್ತು ಕಿ.ಮೀ. ಬಂತು. ಬಾಯಿಲೆಕ್ಕದಲ್ಲೇ ಆಗುತ್ತದೆ. ಪ್ರೀಮಿಯಂ 150 ಕಿಲೋವ್ಯಾಟ್‌ವರೆಗೆ ತೆಗೆದುಕೊಳ್ಳುತ್ತದೆ, ಡೈನಾಮಿಕ್ 110. ಬ್ರೋಷರಿನಲ್ಲಿ ಇದು ದೊಡ್ಡ ವ್ಯತ್ಯಾಸದ ಹಾಗೆ ಕಾಣುತ್ತದೆ. 60ರ ಕಂಬದ ಮುಂದೆ ಎರಡೂ ಒಂದೇ. ಕೊಡುವವನ ಹತ್ತಿರ ಇಲ್ಲದ್ದನ್ನು ಕಾರು ಎಲ್ಲಿಂದ ತೆಗೆದುಕೊಳ್ಳಬೇಕು? ಇನ್ನು 10ರಿಂದ 80 ಪರ್ಸೆಂಟ್ ಅನ್ನುವ ಮಾತು. ಅದೂ ಎರಡು ಬ್ಯಾಟರಿಗೆ ಒಂದೇ ಅಲ್ಲ. ಚಿಕ್ಕದರಲ್ಲಿ ಅದು 43 ಯೂನಿಟ್, ದೊಡ್ಡದರಲ್ಲಿ 58. ಪರ್ಸೆಂಟ್ ನೋಡಿದರೆ ಚಿಕ್ಕದು ಬೇಗ ತುಂಬಿದ ಹಾಗೆ ಕಾಣುತ್ತದೆ. ಕಿಲೋಮೀಟರ್ ನೋಡಿದರೆ ಎರಡೂ ಸಮ.

ಕಾಯುತ್ತಿದ್ದವರ ಹತ್ತಿರ ಮಾತಾಡಿದೆವು. ಮುಂದಿನ ಕಾರಿನವರು 80 ದಾಟಿದರೂ ಬಿಡುತ್ತಿಲ್ಲ ಅನ್ನೋದು ಅವರ ಸಂಕಟ. ಸ್ಕ್ರೀನ್ ನೋಡಿದೆ. 84 ಪರ್ಸೆಂಟ್. ಆಗಲೇ ಚಾರ್ಜ್ ಆಗುವ ವೇಗ 60 ಕಿಲೋವ್ಯಾಟಿನಿಂದ 30ರ ಕೆಳಗೆ ಇಳಿದಿತ್ತು. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕಾರೇ ಕಡಿಮೆ ಕೇಳುತ್ತದೆ, ಸೆಲ್‌ಗಳಿಗೆ ಪೆಟ್ಟಾಗದಿರಲಿ ಅಂತ. 93ರ ಹೊತ್ತಿಗೆ 14 ಆಯಿತು. ಅಷ್ಟು ಹೊತ್ತಿನಲ್ಲಿ ಹಿಂದೆ ಕಾದಿದ್ದವರು ತಮಗೆ ಬೇಕಾದಷ್ಟು ತುಂಬಿಸಿಕೊಂಡು ಹೊರಟೇ ಹೋಗಬಹುದಿತ್ತು. ಕೇಳೋಣ ಅಂದರೆ ಆ ಕಾರಿನವರು ಸೀಟು ಹಿಂದಕ್ಕೆ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರು.

ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಡೈನಾಮಿಕ್‌ನ ಲೆಕ್ಕ ಹಾಕಿದೆ. ತುಂಬಿದ ಬ್ಯಾಟರಿ ಹತ್ತು ಪರ್ಸೆಂಟಿಗೆ ಬರುವವರೆಗೆ 55 ಯೂನಿಟ್. ನಮ್ಮ ಓಟಕ್ಕೆ ಸುಮಾರು 320 ಕಿ.ಮೀ. ಇನ್ನು 60 ಕಿ.ಮೀ. ಬಾಕಿ. ಬೇಕಾದದ್ದು ಬರೀ ಹತ್ತು ಹನ್ನೆರಡು ಯೂನಿಟ್, ಹತ್ತು ಹನ್ನೆರಡು ನಿಮಿಷ. ಕಾಗದದ ಮೇಲೆ ನಾನೇ ಗೆದ್ದಿದ್ದೆ. ಆದರೆ ಆ ಹನ್ನೆರಡು ನಿಮಿಷ ಸಿಗೋದು ಈ ಒಂದೇ ಜಾಗದಲ್ಲಿ, ಟೇಪ್ ಸುತ್ತದ ಈ ಒಂದೇ ಗನ್‌ನಲ್ಲಿ, ಮುಂದಿನವರಿಗೆ ಎಚ್ಚರ ಆದ ಮೇಲೆ. ದೊಡ್ಡ ಬ್ಯಾಟರಿಯಲ್ಲಾದರೆ ಹತ್ತು ಪರ್ಸೆಂಟಿಗೆ ಬರುವವರೆಗೆ 74 ಯೂನಿಟ್, ಹತ್ತಿರ ಹತ್ತಿರ 430 ಕಿ.ಮೀ. ಈ ಗೇಟು, ಈ ಟೇಪು, ಈ ಗೊರಕೆ ಯಾವುದೂ ನಮಗೆ ಸಂಬಂಧ ಇಲ್ಲ.

"ಪ್ರೀಮಿಯಂ ತಗೊಳ್ಳೋಣ" ಅಂದೆ. ಇವರು ಏನೂ ಹೇಳಲಿಲ್ಲ. ಮುಖದಲ್ಲಿ ಮಾತ್ರ ಆ ಟೆಸ್ಟ್ ಡ್ರೈವ್ ದಿನದ ನಗು ಇತ್ತು.

ಆ ದಾರಿಯಲ್ಲಿ ಕೆಲಸ ಮಾಡುವ ಎರಡು ಒಳ್ಳೆಯ ಸ್ಟೇಷನ್ ಇದ್ದಿದ್ದರೆ ನಾನು ಈಗಲೂ ಡೈನಾಮಿಕ್ಕೇ ತೆಗೆದುಕೊಳ್ಳುತ್ತಿದ್ದೆ. ತೂಕ ಕಡಿಮೆ, ಚಕ್ರವೂ 19 ಇಂಚಿನ ಬದಲು 18, ಗುಂಡಿ ಬಿದ್ದ ರಸ್ತೆಗೆ ಅದೇ ಮೇಲು. ನಮಗೆ ದೊಡ್ಡ ಬ್ಯಾಟರಿ ಕೊಳ್ಳಿಸಿದ್ದು ಕಾರಲ್ಲ, ರಸ್ತೆ.

ಕಾರು ಬಂದ ಮೂರನೇ ವಾರ ಅಪ್ಪನ ಮನೆಗೆ ಹೊರಟೆವು. ಬೆಳಗ್ಗೆ 100 ಪರ್ಸೆಂಟ್. ಅರ್ಧ ದಾರಿ ನಾನು ಓಡಿಸಿದೆ, ಅರ್ಧ ಇವರು. ನಡುವೆ ಎರಡು ಸಲ ಕೈಕಾಲು ಆಡಿಸೋಕೆ ನಿಂತದ್ದು ಬಿಟ್ಟರೆ ಎಲ್ಲೂ ಪ್ಲಗ್ ಹಾಕಲಿಲ್ಲ. ಅಪ್ಪನ ಮನೆ ಬಾಗಿಲಲ್ಲಿ 21 ಪರ್ಸೆಂಟ್ ಉಳಿದಿತ್ತು. 380 ಕಿ.ಮೀ.ಗೆ 65 ಯೂನಿಟ್, ಅಂದರೆ ನೂರಕ್ಕೆ 17.2. ನೋಟ್‌ಬುಕ್‌ನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಅಪ್ಪನ ಮನೆಯಲ್ಲಿ ಇರೋದು ಮೋಟರ್‌ಗೆ ಅಂತ ಹಾಕಿಸಿದ ಹಳೆಯ 16 ಆಂಪಿಯರ್ ಸಾಕೆಟ್. ಅದರ ವೈರ್ ಯಾವ ಕಾಲದ್ದೋ ಗೊತ್ತಿಲ್ಲ. ಹಾಗಾಗಿ ಕಾರಿನ ಜೊತೆ ಒಯ್ದಿದ್ದ ಪೋರ್ಟಬಲ್ ಚಾರ್ಜರನ್ನು 10 ಆಂಪಿಯರ್‌ಗೆ ಇಳಿಸಿದೆವು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ ಅಂತ ಕಾರನ್ನೇ ಗೋಡೆ ಪಕ್ಕಕ್ಕೆ ತಂದು ನಿಲ್ಲಿಸಿದರು. 10 ಆಂಪಿಯರ್ ಅಂದರೆ 2.3 ಕಿಲೋವ್ಯಾಟ್. ಆಮೆ ನಡಿಗೆ. ಎರಡು ರಾತ್ರಿ ಹಾಕಿದರೂ 77ಕ್ಕಿಂತ ಮೇಲೆ ಹೋಗಲ್ಲ, ವಾಪಸ್ ಬರುವಾಗ ಎಲ್ಲಾದರೂ ಹತ್ತು ನಿಮಿಷ ನಿಲ್ಲಲೇಬೇಕು. ಇದು ಕೊಳ್ಳುವ ಮುಂಚೆ ನನ್ನ ಲೆಕ್ಕಕ್ಕೆ ಬಂದೇ ಇರಲಿಲ್ಲ. ಹೋಗೋದನ್ನಷ್ಟೇ ಲೆಕ್ಕ ಹಾಕಿದ್ದೆ, ಬರೋದನ್ನು ಮರೆತಿದ್ದೆ. ಇವರಿಗೆ ಇನ್ನೂ ಹೇಳಿರಲಿಲ್ಲ.

"ರಾತ್ರಿಯೆಲ್ಲ ಹಾಕಿಡ್ತೀಯೇನಮ್ಮಾ?" ಅಂತ ಅಪ್ಪ ಕೇಳಿದರು.

"ಹೂಂ ಅಪ್ಪ. ಏಳರಿಂದ ಏಳು."

ಅಪ್ಪ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಕರೆಂಟ್ ಮೀಟರ್ ಮುಂದೆ ನಿಂತರು. ಕ್ಯಾಲೆಂಡರ್ ಹಿಂದೆ ಏನೋ ಬರೆದುಕೊಂಡರು. ನೋಟ್‌ಬುಕ್ಕಿನ ಅಭ್ಯಾಸ ನನಗೆ ಎಲ್ಲಿಂದ ಬಂತು ಅಂತ ಇವರಿಗೆ ಆಗ ಅರ್ಥ ಆಗಿರಬೇಕು. ಆ ಮೀಟರಿಗೆ ಬೇರೇನೂ ಸೇರದಿರಲಿ ಅಂತ ಫ್ರಿಜ್‌ನ ಪ್ಲಗ್ಗನ್ನೂ ಕೀಳೋಕೆ ಹೊರಟಿದ್ದರು. ಅಮ್ಮ ಬಿಡಲಿಲ್ಲ. ಫ್ರಿಜ್‌ಗೂ ಫ್ಯಾನ್‌ಗೂ ಒಂದು ಯೂನಿಟ್ ಅಂತ ಕೊನೆಗೆ ಇಬ್ಬರೂ ರಾಜಿಯಾದರು.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಕಾರಿನ ಹತ್ತಿರ ನಿಂತಿದ್ದರು. ಕಾರು 49 ಪರ್ಸೆಂಟ್ ತೋರಿಸುತ್ತಿತ್ತು. 28 ಏರಿತ್ತು, ಅಂದರೆ 23 ಯೂನಿಟ್.

"ಮೀಟರ್ 28 ಅನ್ನುತ್ತೆ" ಅಂದರು ಅಪ್ಪ. "ಫ್ರಿಜ್ಜು ಫ್ಯಾನು ಕಳೆದ್ರೆ 27. ನಿನ್ನ ಕಾರಿಗೆ ಹೋಗಿದ್ದು 23. ಉಳಿದ ನಾಲ್ಕು?"

ಏಸಿ, ಡಿಸಿ, ಒಳಗಿನ ಚಾರ್ಜರ್, ಬಿಸಿ, ರಾತ್ರಿಯಿಡೀ ಎಚ್ಚರವಾಗಿರುವ ಕಂಪ್ಯೂಟರ್, ಎಲ್ಲಾ ಹೇಳಿದೆ. ನಿಧಾನ ಚಾರ್ಜಿಂಗ್‌ನಲ್ಲಿ ಹೆಚ್ಚು ಹೊತ್ತು ಎಚ್ಚರ ಇರಬೇಕಲ್ಲ, ಅದಕ್ಕೇ ನಷ್ಟ ಸ್ವಲ್ಪ ಜಾಸ್ತಿ ಅಂತಲೂ ಹೇಳಿದೆ. ಅಪ್ಪ ತಲೆ ಆಡಿಸುತ್ತಾ ಕೇಳಿದರು. ಆಮೇಲೆ ಬಗ್ಗಿ, ಸಾಕೆಟ್ಟಿನಲ್ಲಿದ್ದ ಪ್ಲಗ್‌ನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಬೆಚ್ಚಗಿತ್ತು.

"ಒಂದು ಇಲ್ಲಿದೆ" ಅಂದರು. "ಇನ್ನು ಮೂರು ಎಲ್ಲಿದೆ ಅಂತ ನೀನೇ ಹುಡುಕು."